ವಾಕ್ಯದ ಲೆಕ್ಕಕ್ಕೆ ಯಾವ ದಾರಿ? ನವೋದಯಕ್ಕೆ ಓದುವ ಮಕ್ಕಳ ಜೊತೆ ಮಾಡಿ ನೋಡಿದ್ದು

ನವೋದಯದ ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆಯಲ್ಲಿ ಗಣಿತಕ್ಕೆ 20 ಪ್ರಶ್ನೆ, 25 ಅಂಕ, 30 ನಿಮಿಷ. ಅಂದರೆ ಒಂದು ಲೆಕ್ಕಕ್ಕೆ ಒಂದೂವರೆ ನಿಮಿಷ. ನೇರವಾಗಿ ಕೂಡು, ಕಳೆ ಅಂದರೆ ಮಕ್ಕಳು ಮಾಡಿಬಿಡುತ್ತಾರೆ. ಅದೇ ಲೆಕ್ಕ ವಾಕ್ಯದಲ್ಲಿ ಬಂದರೆ ಕೈ ನಿಂತುಬಿಡುತ್ತದೆ.

ಹಾಸನದಲ್ಲಿ ನಮ್ಮ ಅಣ್ಣನ ಮಗಳು ಮತ್ತು ಪಕ್ಕದ ಮನೆಯ ಹುಡುಗ ಇಬ್ಬರೂ ಮಾವಿನಕೆರೆ ನವೋದಯಕ್ಕೆ ಅಂತ ಓದುತ್ತಿದ್ದಾರೆ. ಸಂಜೆ ಹೊತ್ತು ನಮ್ಮ ಮನೆಗೆ ಬರುತ್ತಾರೆ. ಅವರ ಜೊತೆ ಕೂತು ನಾಲ್ಕು ದಾರಿಗಳನ್ನು ಮಾಡಿ ನೋಡಿದೆ. ಎಕ್ಸ್ ಇಟ್ಟುಕೊಂಡು ಮಾಡುವುದು, ಮೊದಲು ಒಂದಕ್ಕೆ ಎಷ್ಟು ಅಂತ ತೆಗೆಯುವುದು, ಉದ್ದ ಪಟ್ಟಿ ಬರೆದು ಅದರಲ್ಲಿ ಭಾಗ ಮಾಡಿ ನೋಡುವುದು, ಕೊಟ್ಟ ನಾಲ್ಕು ಉತ್ತರಗಳನ್ನೇ ಹಾಕಿ ತಾಳೆ ನೋಡುವುದು. ನನ್ನ ಓಟು ಪಟ್ಟಿಗೆ.

ಯಾಕೆ ಅಂತ ಒಂದು ಲೆಕ್ಕ ನೋಡಿ. ರೈತನೊಬ್ಬ ತನ್ನ ಕಾಫಿ ಚೀಲಗಳಲ್ಲಿ ಮೂರನೇ ಒಂದು ಭಾಗ ಮಾರಿದ. ಉಳಿದದ್ದರಲ್ಲಿ ಅರ್ಧವನ್ನು ಗೋದಾಮಿಗೆ ಹಾಕಿದ. ಮನೆಯಲ್ಲಿ 12 ಚೀಲ ಉಳಿದವು. ಮೊದಲು ಎಷ್ಟಿದ್ದವು? ಉತ್ತರಗಳು 24, 36, 48, 72.

ಹುಡುಗಿ ಮೂರನೇ ಒಂದನ್ನೂ ಅರ್ಧವನ್ನೂ ಕೂಡಿಸಿದಳು. ಆರರಲ್ಲಿ ಐದು ಭಾಗ ಹೋಯಿತು, ಉಳಿದ ಒಂದು ಭಾಗ 12. "ಅತ್ತೆ, 72 ಅಲ್ವಾ?" ಅಂದಳು. 72 ಉತ್ತರಗಳಲ್ಲೂ ಇದೆ, ಅನುಮಾನವೇ ಬರುವುದಿಲ್ಲ. "ಉಳಿದದ್ದರಲ್ಲಿ" ಅನ್ನುವುದನ್ನು ಅವಳು ಓದಿದ್ದಳು, ಆದರೆ ಲೆಕ್ಕಕ್ಕೆ ತಂದಿರಲಿಲ್ಲ.

"ಪಟ್ಟಿ ಬರಿ ಪುಟ್ಟಿ" ಅಂದೆ. ಒಂದು ಉದ್ದ ಪಟ್ಟಿ, ಅದರಲ್ಲಿ ಮೂರು ಮನೆ. ಒಂದು ಮನೆ ಮಾರಿದ್ದು, ಅಡ್ಡಗೆರೆ ಹಾಕಿದಳು. ಉಳಿದದ್ದು ಎರಡು ಮನೆ, ಅದರಲ್ಲಿ ಅರ್ಧ ಅಂದರೆ ಒಂದು. ಅದಕ್ಕೂ ಗೆರೆ. ಕೊನೆಗೆ ಉಳಿದ ಒಂದು ಮನೆಯಲ್ಲಿ 12 ಅಂತ ಬರೆದಳು. ಮೂರು ಮನೆಗೆ 36. ನಾನು ಬೇರೆ ಏನೂ ಹೇಳಿಕೊಡಬೇಕಾಗಲಿಲ್ಲ. "ಉಳಿದದ್ದು" ಯಾವುದು ಅಂತ ಕಣ್ಣಿಗೇ ಕಾಣುತ್ತದೆ. ಪಟ್ಟಿಯ ದೊಡ್ಡ ಗುಣ ಇದೇ.

ಲಾಭದ ಲೆಕ್ಕಕ್ಕೂ ಇದು ಬರುತ್ತದೆ. 600 ರೂಪಾಯಿಗೆ ಮಾರಿದಾಗ ಶೇಕಡಾ 20 ಲಾಭ, ಅಸಲು ಎಷ್ಟು? ಮಕ್ಕಳು 600ರಲ್ಲಿ ಶೇಕಡಾ 20 ಕಳೆದು 480 ಅನ್ನುತ್ತಾರೆ. ಶೇಕಡಾ 20 ಅಂದರೆ ಅಸಲಿನ ಐದನೇ ಒಂದು ಭಾಗ. ಅಸಲಿಗೆ ಐದು ಮನೆ, ಲಾಭಕ್ಕೆ ಒಂದು, ಒಟ್ಟು ಆರು ಮನೆಗೆ 600. ಅಸಲು 500.

ಎಕ್ಸ್ ದಾರಿ ದೊಡ್ಡವರಿಗೆ ಚೆನ್ನ. ಐದನೇ ಕ್ಲಾಸಿನ ಮಕ್ಕಳು ಬೀಜಗಣಿತ ಇನ್ನೂ ಕಲಿತಿರುವುದಿಲ್ಲ. ಈಗಲೇ ತುರುಕಿದರೆ ಅರ್ಥವಾಗದೆ ಬಾಯಿಪಾಠ ಮಾಡುತ್ತಾರೆ, ಅಷ್ಟೆ.

ಒಂದಕ್ಕೆ ಎಷ್ಟು ಅಂತ ತೆಗೆಯುವ ದಾರಿಯನ್ನು ಮಾತ್ರ ಬಿಡಬೇಡಿ. ಆಳು ಮತ್ತು ದಿನದ ಲೆಕ್ಕಕ್ಕೆ ಅದೇ ಸರಿ. 8 ಆಳು 15 ದಿನದಲ್ಲಿ ಕಾಫಿ ಕುಯ್ಲು ಮುಗಿಸಿದರೆ 10 ಆಳಿಗೆ ಎಷ್ಟು ದಿನ? ಅಡ್ಡ ಗುಣಾಕಾರ ಅಂತ ಕಲಿತ ಮಗು 10ನ್ನು 15ರಿಂದ ಗುಣಿಸಿ 8ರಿಂದ ಭಾಗಿಸುತ್ತದೆ. ಉತ್ತರ ಹದಿನೆಂಟು ದಿನ ದಾಟುತ್ತದೆ. ಆಳು ಜಾಸ್ತಿ ಆದರೆ ದಿನ ಹೆಚ್ಚಾಗುತ್ತಾ? "ಒಬ್ಬನೇ ಕುಯ್ದರೆ?" ಅಂತ ಕೇಳಿ. 120 ದಿನ ಅನ್ನುತ್ತಾರೆ. ಹತ್ತು ಜನರಿಗೆ ಹಂಚಿದರೆ 12. ತೋಟದ ಕೆಲಸ ನೋಡಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ.

ಉತ್ತರ ಹಾಕಿ ನೋಡುವ ದಾರಿ ಪಕ್ಕದ ಮನೆಯ ಹುಡುಗನಿಗೆ ಇಷ್ಟ. ಬಾಯಿಲೆಕ್ಕ ಚುರುಕು ಅವನದು. ಚೀಲದ ಲೆಕ್ಕದಲ್ಲಿ 24 ಹಾಕಿದ, ಕೊನೆಗೆ 8 ಉಳಿಯಿತು. 36 ಹಾಕಿದ, 12 ಬಂತು, ಮುಗೀತು. ಸರಿ ಉತ್ತರ ಮೇಲೇ ಇದ್ದರೆ ಪಟ್ಟಿಗಿಂತ ಬೇಗ ಆಗುತ್ತದೆ. ನಾಲ್ಕನೆಯದಾಗಿದ್ದರೆ ಒಂದೂವರೆ ನಿಮಿಷ ಸಾಲುವುದಿಲ್ಲ. ಅದಕ್ಕೇ ನಡುವಿನ ಸಂಖ್ಯೆಯಿಂದ ಶುರು ಮಾಡು ಅಂತ ಅವನಿಗೆ ಹೇಳಿದ್ದೇನೆ. ಜಾಸ್ತಿ ಬಂದರೆ ಅದಕ್ಕಿಂತ ಚಿಕ್ಕದು, ಕಡಿಮೆ ಬಂದರೆ ದೊಡ್ಡದು. ಹುಡುಗಿಗೆ ಇದನ್ನು ತಾಳೆ ನೋಡುವುದಕ್ಕೆ ಮಾತ್ರ ಕೊಟ್ಟಿದ್ದೇನೆ.

ರೈಲಿನ ಲೆಕ್ಕಕ್ಕೆ ಪಟ್ಟಿಯಿಂದ ಅಷ್ಟೇನೂ ಉಪಯೋಗವಿಲ್ಲ. ಗಂಟೆಗೆ 54 ಕಿಲೋಮೀಟರ್ ಅಂದರೆ ಸೆಕೆಂಡಿಗೆ 15 ಮೀಟರ್, 150 ಮೀಟರ್ ಉದ್ದದ ರೈಲು ಕಂಬ ದಾಟಲು 10 ಸೆಕೆಂಡು. ಇಲ್ಲಿ 18ರಿಂದ ಭಾಗಿಸಿ 5ರಿಂದ ಗುಣಿಸುವುದು ಬಾಯಿಗೆ ಬಂದಿರಬೇಕು. ಸರಳ ಬಡ್ಡಿಯೂ ಹಾಗೆಯೇ, ಸೂತ್ರ ಗೊತ್ತಿದ್ದರೆ ಸಾಕು. ಇನ್ನು ಯಾವ ದಾರಿಯೂ ಹೊಳೆಯದ ಲೆಕ್ಕವನ್ನು ಖಾಲಿ ಬಿಡಲು ಹೇಳಬೇಡಿ. ಈ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.