ಅನಸ್ತೇಷಿಯಾ ಕೋಡಿಂಗ್ ಕೋರ್ಸಿಗೆ ಫೀಸ್ ಕಟ್ಟುವ ಮೊದಲು ಇದನ್ನು ಓದಿ

ಅನಸ್ತೇಷಿಯಾ ಕೋಡಿಂಗ್ ಎಂದರೆ ಅರಿವಳಿಕೆ ಕೊಟ್ಟ ಕೆಲಸವನ್ನು ಕೋಡ್ ನಂಬರ್‌ಗಳಲ್ಲಿ ಬರೆದು ವಿಮೆಗೆ ಬಿಲ್ ಮಾಡುವುದು. ತುಮಕೂರಿನ ತರಬೇತಿ ಕೇಂದ್ರವೊಂದರಲ್ಲಿ ಕಲಿತವರು ಅಮೆರಿಕದ ಆಸ್ಪತ್ರೆಗಳಿಗೆ ಮಾಡಿಕೊಟ್ಟ ಒಂದು ಕಂತಿನ ಬಿಲ್‌ಗಳು ತಿದ್ದಲು ನಮ್ಮ ಕೈಗೆ ಬಂದವು. ಹೆಚ್ಚಿನವು ರಿಜೆಕ್ಟ್ ಆಗಿರಲಿಲ್ಲ. ಹಣ ಬಂದಿತ್ತು, ಆದರೆ ಕಡಿಮೆ ಬಂದಿತ್ತು. ಅದಕ್ಕೇ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಒಂದು ಬಿಲ್ ನೋಡಿ. ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆದದ್ದು. ಅದರ ಅನಸ್ತೇಷಿಯಾ ಕೋಡ್ 00790. ಹಣ ಲೆಕ್ಕ ಹಾಕುವುದು ಯೂನಿಟ್‌ಗಳಲ್ಲಿ; ಸಮಯ ಎಷ್ಟೇ ಆಗಲಿ ಆ ಕೋಡ್‌ಗೆ ಸಿಗುವ ನಿಗದಿತ ಯೂನಿಟ್, ಅಂದರೆ ಬೇಸ್ ಯೂನಿಟ್, 7. ಚಾರ್ಟ್‌ನಲ್ಲಿ ಅನಸ್ತೇಷಿಯಾ ಶುರು 7:32, ಮುಗಿದದ್ದು 9:05, ಅಂದರೆ 93 ನಿಮಿಷ. ಮೆಡಿಕೇರ್‌ನಲ್ಲಿ (ಮುಖ್ಯವಾಗಿ ಹಿರಿಯರಿಗಿರುವ ಅಮೆರಿಕದ ಸರ್ಕಾರಿ ವಿಮೆ) 15 ನಿಮಿಷಕ್ಕೆ ಒಂದು ಯೂನಿಟ್, ಹಾಗಾಗಿ 6.2. ಒಟ್ಟು 13.2 ಬರಬೇಕು. ಇವರು ಸಿಎಂಎಸ್-1500 ಎಂಬ ಬಿಲ್ ಫಾರಂನ 24ಜಿ ಕಾಲಂನಲ್ಲಿ 6 ಎಂದು ಹಾಕಿದ್ದರು. ಅಲ್ಲಿ ತುಂಬಬೇಕಾದ್ದು ಯೂನಿಟ್ ಅಲ್ಲ, ನಿಮಿಷ. ಅದು 6 ನಿಮಿಷವೆಂದೇ ಲೆಕ್ಕವಾಗಿ 0.4 ಯೂನಿಟ್ ಸಿಕ್ಕಿತು, ಒಟ್ಟು 7.4. ಕೇಂದ್ರದ ನೋಟ್ಸ್‌ನಲ್ಲಿ ಯೂನಿಟ್ ಸೂತ್ರ ಸರಿಯಾಗಿಯೇ ಇದೆ. ಫಾರಂ ತುಂಬಿಸಿ ಕಲಿಸಿಲ್ಲ, ಅಲ್ಲೇ ಮೋಸವಾಗಿದೆ.

ಇನ್ನು ಕೆಲವದರಲ್ಲಿ ಸರ್ಜನ್ ಕೊಯ್ದ ಹೊತ್ತಿನಿಂದ ಹೊಲಿದ ಹೊತ್ತಿನವರೆಗೆ ಮಾತ್ರ ಎಣಿಸಿದ್ದರು. ರೋಗಿಯನ್ನು ಅನಸ್ತೇಷಿಯಾಕ್ಕೆ ಸಿದ್ಧಪಡಿಸಲು ಕೈಹಾಕಿದಾಗಲೇ ಸಮಯ ಶುರು. ರಿಕವರಿ ನರ್ಸ್ ಕೈಗೆ ಒಪ್ಪಿಸಿದ ಮೇಲೆಯೇ ಮುಗಿಯುವುದು.

ನೋವು ಚಿಕಿತ್ಸೆಯ ಬಿಲ್‌ಗಳಲ್ಲಿ ತಪ್ಪು ಇನ್ನೊಂದು ದಿಕ್ಕಿಗೆ, ಅಂದರೆ ಬರಬೇಕಾದ್ದಕ್ಕಿಂತ ಹೆಚ್ಚು ಕೇಳಿದ್ದು; ಅದು ಹೆಚ್ಚು ಅಪಾಯ. ಸೊಂಟದ ಫೆಸೆಟ್ ಬ್ಲಾಕ್‌ನಲ್ಲಿ (ಬೆನ್ನುಮೂಳೆಯ ಸಣ್ಣ ಕೀಲಿನ ನೋವಿಗೆ ಅದರ ನರದ ಬಳಿ ಕೊಡುವ ಇಂಜೆಕ್ಷನ್) ಎಲ್3, ಎಲ್4, ಎಲ್5 ಎಂದು ಮೂರು ನರ ಕಂಡ ಕೂಡಲೇ ಮೊದಲ, ಎರಡನೇ, ಮೂರನೇ ಹಂತದ ಕೋಡ್‌ಗಳಾದ 64493, 64494, 64495 ಮೂರನ್ನೂ ಹಾಕಿದ್ದರು. ಎಣಿಸಬೇಕಾದ್ದು ನರವನ್ನಲ್ಲ, ಕೀಲನ್ನು. ಆ ಮೂರು ನರ ಸೇರಿ ಎರಡೇ ಕೀಲು: ಎಲ್4-5 ಮತ್ತು ಎಲ್5-ಎಸ್1. ಹಾಗಾಗಿ 64495 ಬರುವುದೇ ಇಲ್ಲ. ಎಕ್ಸ್‌ರೇ ನೋಡಿಕೊಂಡು ಸೂಜಿ ಹಾಕಿದ್ದಕ್ಕೆ 77003 ಕೋಡ್ ಬೇರೆ ಸೇರಿಸಿ, 59 ಮಾಡಿಫೈಯರ್ (ಇದು ಪ್ರತ್ಯೇಕ ಕೆಲಸ ಎಂದು ಹೇಳುವ ಗುರುತು) ಹಚ್ಚಿ ದಾಟಿಸಿದ್ದರು. ಆ ಕೆಲಸ ಮುಖ್ಯ ಕೋಡ್‌ನೊಳಗೇ ಸೇರಿದೆ. ಆಡಿಟ್ ಆದರೆ ಪಡೆದ ಹಣ ವಾಪಸ್ ಕೊಡಬೇಕು.

ಗುಬ್ಬಿ, ಶಿರಾ, ಕುಣಿಗಲ್‌ನಿಂದ ದಿನಾ ಬಸ್ಸಿನಲ್ಲಿ ಬಂದು ಕಲಿಯುವ ಮಕ್ಕಳ ಮನೆಯವರಿಗೆ ಈ ಫೀಸ್ ಸಣ್ಣದಲ್ಲ. ಕಟ್ಟುವ ಮೊದಲು ಹೆಸರು ಅಳಿಸಿದ ಒಂದು ಅನಸ್ತೇಷಿಯಾ ಚಾರ್ಟ್ ಕೇಳಿ. ನಿಮ್ಮೆದುರೇ ಫಾರಂ ತುಂಬಿಸಿ ತೋರಿಸಲಿ. ಕೋಡ್ ಬಾಯಿಪಾಠ ಸಾಕು ಎಂದರೆ ಎದ್ದು ಬನ್ನಿ.

ಈಗಾಗಲೇ ಹೀಗೆ ಬಿಲ್ ಕಳಿಸಿದ್ದರೆ ಇಂದೇ ನಿಮ್ಮ ಟೀಂ ಲೀಡ್‌ಗೆ ಹೇಳಿ. ಮೆಡಿಕೇರ್‌ನಲ್ಲಿ ಇಂಥ ಬರವಣಿಗೆ ತಪ್ಪು ತಿದ್ದಿಸಲು ಆ ಬಿಲ್ ಬಗ್ಗೆ ಮೆಡಿಕೇರ್ ಕೊಟ್ಟ ಮೊದಲ ತೀರ್ಮಾನದ ದಿನದಿಂದ 1 ವರ್ಷ ಅವಕಾಶವಿದೆ.