ಹೊಳೆಗಲ್ಲಿನ ಪುಟ್ಟ ಡ್ರ್ಯಾಗನ್‌ಫ್ಲೈ ಗುರುತಿಸಲು ಈ ಬೈನಾಕ್ಯುಲರ್: ನಾಲ್ಕು ವರ್ಷದ ಅನುಭವ

ತೂಕ, ಅಳತೆ ಎಲ್ಲ ಡಬ್ಬಿಯ ಮೇಲೇ ಇದೆ. ನಾನು ಇದನ್ನು ಕೊಂಡದ್ದು ಒಂದೇ ಕಾರಣಕ್ಕೆ: ಅರ್ಧ ಮೀಟರ್ ದೂರದಲ್ಲಿರುವುದೂ ಸ್ಪಷ್ಟವಾಗಿ ಕಾಣುತ್ತದೆ. ಹಕ್ಕಿ ನೋಡುತ್ತಿದ್ದ ಹಳೆಯದರಲ್ಲಿ ಮೂರು ಮೀಟರ್‌ಗಿಂತ ಹತ್ತಿರವಿದ್ದುದೆಲ್ಲ ಮಬ್ಬು. ಹೊಳೆಗಲ್ಲಿನ ಮೇಲೆ ಕೂತ ಕ್ಲಬ್‌ಟೇಲ್ (ಡ್ರ್ಯಾಗನ್‌ಫ್ಲೈ, ಅಂದರೆ ಏರೋಪ್ಲೇನ್ ಚಿಟ್ಟೆಗಳ ಒಂದು ಕುಟುಂಬ) ಆಗ ನನಗೆ ಹಳದಿ-ಕಪ್ಪು ಕಡ್ಡಿ, ಅಷ್ಟೇ.

ಮೊದಲ ದಿನವೇ ಕಣ್ಣುಗಳ ನಡುವಿನ ಸಂದು ಕಂಡಿತು! ಕೆರೆಯಂಚಿನ ಬಹುತೇಕ ಏರೋಪ್ಲೇನ್ ಚಿಟ್ಟೆಗಳ ಕಣ್ಣುಗಳು ನೆತ್ತಿಯ ಮೇಲೆ ಕೂಡಿಕೊಂಡಿರುತ್ತವೆ. ಕ್ಲಬ್‌ಟೇಲ್‌ಗಳವು ದೂರ ದೂರ. ಕುಟುಂಬ ಅಲ್ಲೇ ಖಾತ್ರಿ.

ಅಂದಿನಿಂದ ನನ್ನದೊಂದು ಕ್ರಮ. ನೆರಳು ಅದರ ಮೇಲೆ ಬೀಳದಂತೆ ನೀರಂಚಿನಲ್ಲಿ ಕುಕ್ಕರಗಾಲಲ್ಲಿ ಕೂರುತ್ತೇನೆ. ಹಾರಿದರೆ ಅಟ್ಟಿಸಿಕೊಂಡು ಹೋಗುವುದಿಲ್ಲ. ಹೆಚ್ಚಾಗಿ ಅದೇ ಕಲ್ಲಿಗೋ ಪಕ್ಕದ್ದಕ್ಕೋ ಮರಳುತ್ತದೆ. ಮೊದಲು ಎದೆಯ ಪಟ್ಟೆಗಳನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಹೊಟ್ಟೆಯ ಹತ್ತು ಖಂಡಗಳಲ್ಲಿ ಯಾವುದರ ಮೇಲೆ ಹಳದಿ ಇದೆ ಎಂದು ಎಣಿಸುತ್ತೇನೆ. ಕೊನೆಗೆ ಗಂಡಿನ ಬಾಲದ ತುದಿಯ ಕೊಕ್ಕೆಗಳು. ಪಟ್ಟೆ ಒಂದೇ ಥರ ಇರುವ ಪ್ರಭೇದಗಳನ್ನು ಬೇರ್ಪಡಿಸಲು ಕೊಕ್ಕೆಯ ಆಕಾರವೇ ದಾರಿ, ಅದನ್ನು ಪಕ್ಕದಿಂದಲೂ ಮೇಲಿನಿಂದಲೂ ನೋಡಬೇಕು.

ಬೇಸರವಾದದ್ದು ಎರಡನೇ ವರ್ಷ. ಹೊಳೆಯಲ್ಲಿ ಬಳಸುವ ವಸ್ತುವಿಗೆ ನೀರಿನ ತಡೆ ಇಲ್ಲ ಎಂದರೆ ಹೇಗೆ? ತುಸು ನೀರು ಸಿಡಿಯಿತು, ಬಲಗಡೆ ಮಸೂರದ ಒಳಗೇ ಮಂಜು. ಮಂಡಿಯುದ್ದ ನೀರಿನಲ್ಲಿ ನಿಂತಿದ್ದೆ, ಎದುರಿಗೆ ಗಂಡು ಕ್ಲಬ್‌ಟೇಲ್, ಕೊಕ್ಕೆ ಮಾತ್ರ ಕಾಣದು. ಅವತ್ತಿನ ಪುಟದಲ್ಲಿ ಪ್ರಭೇದದ ಜಾಗ ಇಂದಿಗೂ ಖಾಲಿ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮೂರು ದಿನ ಇಟ್ಟ ಮೇಲೆ ಮಂಜು ಹೋಯಿತು, ಕೋಪ ಹೋಗಲಿಲ್ಲ. ಮರದ ನೆರಳಿನಲ್ಲಿ ಚಿತ್ರ ಮಂಕಾಗುವುದೂ ನಿಜ.

ಹಾಗಂತ ಮಾರಿಬಿಡಲು ಮನಸ್ಸು ಬಂದಿಲ್ಲ. ಕಾರಣ, ಕೊಳ್ಳುವಾಗ ಊಹಿಸದೇ ಇದ್ದ ಒಂದು ಸುಖ: ಕಲ್ಲಿಗೆ ಅಂಟಿದ ಪೊರೆಗಳು. ಮರಿ ನೀರಿನಿಂದ ಹತ್ತಿ, ಬೆನ್ನು ಸೀಳಿ ಹೊರಬಂದಾಗ ಬಿಟ್ಟುಹೋಗುವ ಚಿಪ್ಪು ಅದು. ಆಗಷ್ಟೇ ಹೊರಬಂದ ಕೀಟದ ಬಣ್ಣ ಪೇಲವ, ಅದನ್ನು ನಂಬಿ ಹೆಸರಿಡಬಾರದು. ಪೊರೆ ಹಾರಿಹೋಗುವುದಿಲ್ಲ. ಕ್ಲಬ್‌ಟೇಲ್ ಮರಿಯ ಮೀಸೆಗೆ ನಾಲ್ಕೇ ಗೆಣ್ಣು, ಮೂರನೆಯದು ದಪ್ಪ. ಅದನ್ನೂ ಇದರಲ್ಲಿ ಎಣಿಸಬಹುದು. ಕಳೆದ ವಾರ ಒಂದೇ ಬಂಡೆಯ ಮೇಲೆ ಏಳು ಪೊರೆ ಸಿಕ್ಕವು.