ಥೀಸಿಸ್ ಫೈಲನ್ನು ಡಿಟಿಪಿ ಅಂಗಡಿಗೆ ಕೊಡುವ ಮುಂಚೆ ಇದನ್ನು ಓದಿ

ದಾವಣಗೆರೆ, ಚಿತ್ರದುರ್ಗದ ಕಡೆ ಕನ್ನಡದಲ್ಲಿ ಪಿಎಚ್‌.ಡಿ. ಬರೆಯುತ್ತಿರುವವರೇ, ಉಲ್ಲೇಖಗಳನ್ನು ನೋಡಿಕೊಳ್ಳುವ ಝೊಟೆರೊ ತಂತ್ರಾಂಶ ಬಳಸಿ ಅಡಿಟಿಪ್ಪಣಿ ಹಾಕಿದ ವರ್ಡ್ ಫೈಲನ್ನು ಹಾಗೇ ಡಿಟಿಪಿಗೆ ಕೊಡಬೇಡಿ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನನ್ನ ವಿಷಯ ಚಿತ್ರದುರ್ಗ ಜಿಲ್ಲೆಯ ಪುರಾತನ ನೆಲೆಗಳಾದ ಚಂದ್ರವಳ್ಳಿ ಮತ್ತು ಬ್ರಹ್ಮಗಿರಿ. ಮಾರ್ಜಿನ್, ಪುಟಸಂಖ್ಯೆ ಮಾತ್ರ ಸರಿಮಾಡಿ ಎಂದು ಒತ್ತಿ ಹೇಳಿ ದಾವಣಗೆರೆಯ ಒಂದು ಅಂಗಡಿಗೆ ಫೈಲ್ ಕೊಟ್ಟೆ. ಅವರು ಒಂದು ಮಾತೂ ಕೇಳದೆ ಯೂನಿಕೋಡನ್ನೆಲ್ಲ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿಗೆ ಬದಲಿಸಿ ಕೆಲಸ ಮಾಡಿದರು. ಆಮೇಲೆ ಮತ್ತೆ ಯೂನಿಕೋಡಿಗೆ ತಂದು ಕೊಟ್ಟರು. ಕೆಲವು ಕಡೆ ಇಂಗ್ಲಿಷ್ ಹೆಸರುಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿದ್ದವು. ಅವನ್ನು ತಿದ್ದಿದೆ. ಕಣ್ಣಿಗೆ ಬೀಳದ ಹಾನಿ ಬೇರೆಯೇ ಇತ್ತು.

ಝೊಟೆರೊ ಹಾಕುವ ಉಲ್ಲೇಖ ಬರೀ ಅಕ್ಷರ ಅಲ್ಲ. ಅದರ ಹಿಂದೆ ಫೀಲ್ಡ್ ಕೋಡ್ ಇರುತ್ತದೆ. ಯಾವ ಪುಸ್ತಕ, ಯಾವ ಪುಟ ಎಂಬುದು ಅದರಲ್ಲೇ ಕೂತಿರುತ್ತದೆ. ಪುಸ್ತಕದ ವಿವರ ನಿಮ್ಮ ಝೊಟೆರೊ ಲೈಬ್ರರಿಯಲ್ಲೂ ಇರುತ್ತದೆ, ಆದರೆ ನೀವು ಉಲ್ಲೇಖಿಸಿದ ಪುಟ ಆ ವರ್ಡ್ ಫೈಲಿನಲ್ಲಿ ಮಾತ್ರ ಇರುವುದು. ನುಡಿಗೆ ಬದಲಿಸಿದಾಗ ಕೋಡ್ ಪೂರ್ತಿ ಹೋಗಿ ಸಾದಾ ಅಕ್ಷರ ಉಳಿಯಿತು.

ಮುಂದೆ ಗೈಡ್ ಮೇಡಂ, 1947ರಲ್ಲಿ ಪುರಾತತ್ವಜ್ಞ ವ್ಹೀಲರ್ ಮಾಡಿಸಿದ ಉತ್ಖನನದ ಭಾಗವನ್ನು ಚಂದ್ರವಳ್ಳಿ ಶಾಸನದ ಚರ್ಚೆಯ ನಡುವೆ ತರಲು ಹೇಳಿದರು. ಹಾಗೇ ಮಾಡಿದೆ. ಕೋಡ್ ಇದ್ದಿದ್ದರೆ ‘ಐಬಿಡ್’ (ಅಂದರೆ ಹಿಂದಿನ ಟಿಪ್ಪಣಿಯ ಪುಸ್ತಕವೇ) ಎಂದಿದ್ದ ಟಿಪ್ಪಣಿಗಳು ತಾವಾಗಿಯೇ ಬದಲಾಗುತ್ತಿದ್ದವು. ಈಗ ಅವು ಹಾಗೇ ಉಳಿದು, ಹೊಸದಾಗಿ ಮೇಲೆ ಬಂದ ವ್ಹೀಲರ್ ವರದಿಯನ್ನು ತೋರಿಸತೊಡಗಿದವು. ಮಯೂರಶರ್ಮನ ಚಂದ್ರವಳ್ಳಿ ಶಾಸನವನ್ನು ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ. ಅವರ ಓದು ಮೈಸೂರು ಪುರಾತತ್ವ ಇಲಾಖೆಯ 1929ರ ವರದಿಯಲ್ಲಿದೆ. ನನ್ನ ಥೀಸಿಸ್ಸಿನಲ್ಲಿ ಆ ಶ್ರಮವೆಲ್ಲ ವ್ಹೀಲರ್ ಹೆಸರಿಗೆ ಹೋಗಿತ್ತು! ಚಿತ್ರದುರ್ಗದವಳಾಗಿ ನನಗೆ ಇದು ತುಂಬಾ ನೋವು ಕೊಟ್ಟಿತು. ಮೇಡಂ ಗಮನಿಸದಿದ್ದರೆ ಹಾಗೇ ಸಲ್ಲಿಕೆಯಾಗುತ್ತಿತ್ತು.

ಮೂಲ ಫೈಲ್ ನನ್ನ ಹತ್ತಿರ ಇತ್ತು. ಆದರೆ ಅಷ್ಟರಲ್ಲಿ ತಿದ್ದುಪಡಿಗಳೆಲ್ಲ ಅಂಗಡಿಯಿಂದ ಬಂದ ಫೈಲಿನಲ್ಲಿ ಆಗಿದ್ದವು. ಎರಡನ್ನೂ ಪಕ್ಕಪಕ್ಕ ತೆರೆದು ಒಂದೊಂದೇ ಟಿಪ್ಪಣಿ ಮತ್ತೆ ಹಾಕಬೇಕಾಯಿತು. ಅಂಗಡಿಗೆ ಹೋಗಿ ಕೇಳಿದರೆ, “ಅಕ್ಷರ ಎಲ್ಲಾ ಅದಾವಲ್ರೀ ಮೇಡಂ, ಹೋಗಿದ್ದೇನು?” ಅಂದರು. ದುಡ್ಡು ತೆಗೆದುಕೊಂಡು ಮಾಡುವ ಕೆಲಸದಲ್ಲಿ ಈ ಉತ್ತರ ಸರಿಯಲ್ಲ.

ಮಾರ್ಜಿನ್ ನೀವೇ ಸರಿಮಾಡಿ, ಪ್ರಿಂಟಿಗೆ ಪಿಡಿಎಫ್ ಕೊಡಿ. ನುಡಿಗೆ ಬದಲಿಸಲೇಬೇಕು ಅಂದರೆ, ಗೈಡ್ ತಿದ್ದುಪಡಿ ಪೂರ್ತಿ ಮುಗಿದ ಮೇಲೆ ಒಂದು ನಕಲು ಮಾಡಿ ಅದನ್ನಷ್ಟೇ ಕೊಡಿ. ಫೈಲ್ ಈಗಾಗಲೇ ಕೊಟ್ಟಿದ್ದೀರಾ? ವಾಪಸ್ ಬಂದ ಕೂಡಲೇ ಒಂದು ಉಲ್ಲೇಖದ ಮೇಲೆ ಕರ್ಸರ್ ಇಟ್ಟು ಝೊಟೆರೊದ ‘ಆಡ್/ಎಡಿಟ್ ಸೈಟೇಷನ್’ ಒತ್ತಿ. ಆ ಪುಸ್ತಕ, ಪುಟ ಪೆಟ್ಟಿಗೆಯಲ್ಲಿ ಬರಬೇಕು. ಖಾಲಿ ಪೆಟ್ಟಿಗೆ ಬಂದರೆ ಆ ಫೈಲಿನಲ್ಲಿ ಒಂದಕ್ಷರವನ್ನೂ ತಿದ್ದದೆ ನಿಮ್ಮ ಮೂಲ ಫೈಲಿಗೇ ಮರಳಿ.